ಅಕೇಶಿಯಾ ಬಿದ್ದ ಬೊಲೆರೊ, ತಿರಸ್ಕಾರವಾದ ಕ್ಲೇಮು

"ಆ ದುಡ್ಡು ಬರಲ್ಲ, ಬಿಡು ಮಾರಾಯ" ಅಂದಿದ್ದ ನಮ್ಮ ಭಾವ. ಗ್ಯಾರೇಜಿನವನೂ ಅದನ್ನೇ ಅಂದಿದ್ದ. ಮರ ಬಿದ್ದ ಗಾಡಿಯ ವಿಮೆ ದುಡ್ಡು ಬಂತು. ಎಂಬತ್ತಾರು ಸಾವಿರ ಚಿಲ್ಲರೆ. ಅದಕ್ಕೇ ಬರೆಯುತ್ತಿದ್ದೇನೆ.

ಶಿವಮೊಗ್ಗದಲ್ಲಿ ನಾಲ್ಕು ಲಕ್ಷ ಇಪ್ಪತ್ತು ಸಾವಿರ ಕೊಟ್ಟು ಹಳೆ ಬೊಲೆರೊ ತಂದೆ. ತೀರ್ಥಹಳ್ಳಿ ಕಡೆಯ ನಮ್ಮ ತೋಟದ ದಾರಿಗೆ ಗಾಡಿ ಎತ್ತರ ಇದೆಯಲ್ಲ ಅಂತ ಖುಷಿಪಟ್ಟವನೂ ನಾನೇ. ಹದಿನೈದು ವರ್ಷದಿಂದ ಹಳೆ ಗಾಡಿಗಳನ್ನೇ ಓಡಿಸಿದವನು, ಆ ಎತ್ತರ ಎಲ್ಲಿಂದ ಬಂತು ಅಂತ ಬಗ್ಗಿ ನೋಡಲಿಲ್ಲ. ವಿಮೆ ಪಾಲಿಸಿ ಮಾತ್ರ 14 ದಿನದೊಳಗೆ ನನ್ನ ಹೆಸರಿಗೆ ಮಾಡಿಸಿದ್ದೆ. ಹಳೆ ಮಾಲೀಕನ ನೋ ಕ್ಲೇಮ್ ಬೋನಸ್ (ಕ್ಲೇಮು ಮಾಡದ್ದಕ್ಕೆ ಕಂತಿನಲ್ಲಿ ಸಿಗುವ ರಿಯಾಯಿತಿ) ನಮಗೆ ಬರಲ್ಲ ಅಲ್ವಾ, ಆ ವ್ಯತ್ಯಾಸ ಮೂರು ಸಾವಿರದಷ್ಟು ಕಟ್ಟುವಾಗ ಹೊಟ್ಟೆ ಉರಿದಿತ್ತು. ಅದನ್ನು ಮಾಡಿಸದೆ ಇದ್ದಿದ್ದರೆ ಈ ಕಥೆ ಮೊದಲ ವಾರಕ್ಕೇ ಮುಗಿಯುತ್ತಿತ್ತು.

ಮರುವರ್ಷದ ಪುಷ್ಯ ಮಳೆಯಲ್ಲಿ ಒಂದು ರಾತ್ರಿ, ಅಂಗಳದಲ್ಲಿ ನಿಂತಿದ್ದ ಗಾಡಿ ಮೇಲೆ ಅಕೇಶಿಯಾ ಮರ ಬಿತ್ತು. ರೂಫು, ಗಾಜು, ಬಾನೆಟ್ಟು ಎಲ್ಲ ಹೋಯಿತು. ಎಸ್ಟಿಮೇಟು ಒಂದು ಲಕ್ಷ ನಲವತ್ತು ಸಾವಿರದ ಹತ್ತಿರ.

ನಷ್ಟ ಅಳೆಯಲು ಬಂದ ವಿಮೆ ಸರ್ವೇಯರ್ ಮರವನ್ನು ಸರಿಯಾಗಿ ನೋಡಲೂ ಇಲ್ಲ, ಸೀದಾ ಟೈರಿನ ಮುಂದೆ ಕೂತ. ಗಾಡಿ ಕಂಪನಿಯ ಟೈರಿನ ಅಳತೆ 215/75 ಆರ್15, ಗಾಡಿಯಲ್ಲಿ ಇದ್ದದ್ದು 235ರ ದೊಡ್ಡ ಟೈರು. ಹಿಂದಿನ ಕಮಾನ್ ಪಟ್ಟಿಗೆ ಒಂದು ಪ್ಲೇಟು ಜಾಸ್ತಿ. ನಾನು ಖುಷಿಪಟ್ಟ ಎತ್ತರ ಬಂದಿದ್ದು ಇಲ್ಲಿಂದ. ಮುಂದೆ ಬಂಪರಿಗೆ ಅಡ್ಡ ಕಟ್ಟುವ ಕ್ರ್ಯಾಶ್ ಗಾರ್ಡ್, ಅದನ್ನಂತೂ ಕೇಂದ್ರ 2017ರಲ್ಲೇ ಬೇಡ ಅಂದಿದೆ. ತಿಂಗಳಿಗೆ ವಿಮೆ ಕಂಪನಿಯ ಪತ್ರ ಬಂತು: ವಾಹನ ಬದಲಾಯಿಸಲಾಗಿದೆ, ತಿಳಿಸಿಲ್ಲ, ಕ್ಲೇಮು ಇಲ್ಲ.

ಹಳೆ ಟೈರು ಹಾಕಿಸಿ ಇನ್ನೊಮ್ಮೆ ಸರ್ವೆಗೆ ಕರೆ ಅಂದ ಭಾವ. ಫೋಟೋ ಆಗಲೇ ಅವರ ಹತ್ತಿರ ಇದೆ, ಮೇಲಿಂದ ಮೋಸದ ಕೇಸು ಬೇರೆ ಬೀಳುತ್ತದೆ. ಬೇಡ ಅಂದೆ. ನಾನು ಮಾಡಿದ್ದೂ ದಡ್ಡತನವೇ. "ಕೊಳ್ಳುವಾಗ ನನಗೆ ಗೊತ್ತಿರಲಿಲ್ಲ" ಅಂತ ಎರಡು ಪುಟ ಗೋಳು ಬರೆದು ಕಳಿಸಿದೆ. ಮಾರಿದವನಿಂದ ಒಂದು ಚೀಟಿ ತರೋಣ ಅಂತ ಮೂರು ಸಲ ಶಿವಮೊಗ್ಗಕ್ಕೆ ಹೋದೆ. ಡೀಸೆಲ್ ಸುಟ್ಟಿದ್ದಷ್ಟೇ, ಅವನು ಸಿಗಲಿಲ್ಲ. ವಕೀಲರಿಗೆ ಎರಡು ಸಾವಿರ.

ಆಮೇಲೆ ಗೋಳು ಬಿಟ್ಟೆ. ಒಂದೇ ಪ್ರಶ್ನೆ ಹಿಡಿದೆ: ನಿಂತ ಗಾಡಿ ಮೇಲೆ ಮರ ಬಿದ್ದಿದ್ದಕ್ಕೂ ಟೈರಿಗೂ ಏನು ಸಂಬಂಧ? 215 ಟೈರು ಇದ್ದಿದ್ದರೆ ಮರ ಪಕ್ಕಕ್ಕೆ ಬೀಳುತ್ತಿತ್ತಾ? ಮರ ಗಾಡಿ ಮೇಲೇ ಇದ್ದಾಗ ತೆಗೆದ ಫೋಟೋಗಳನ್ನು ಜೊತೆಗಿಟ್ಟೆ. ಅಮಲೇಂದು ಸಾಹೂ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರಲ್ಲಿ, ಷರತ್ತು ಮುರಿದರೂ ಕ್ಲೇಮನ್ನು ಪೂರ್ತಿ ತಳ್ಳಬಾರದು, ನಾನ್ ಸ್ಟ್ಯಾಂಡರ್ಡ್ ಲೆಕ್ಕದಲ್ಲಿ, ಅಂದರೆ ಸ್ವಲ್ಪ ಕಡಿತ ಮಾಡಿ, ಕೊಡಿ ಅಂದಿತ್ತು. ಆ ಲೆಕ್ಕ ಶೇ. 75ರ ತನಕ ಹೋಗುತ್ತದೆ. ಅದನ್ನೂ ಸೇರಿಸಿದೆ. ಪತ್ರದ ಮೊದಲ ಸಾಲು ಹೇಗೆ ಬರೆದೆ ಅನ್ನೋದು ನನ್ನ ಹತ್ತಿರವೇ ಇರಲಿ.

ಮೊದಲು ಪತ್ರ ಹೋಗಿದ್ದು ವಿಮೆ ಕಂಪನಿಯ ದೂರು ವಿಭಾಗಕ್ಕೆ. ಒಂದು ತಿಂಗಳು ಕಾದು ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್‌ಗೆ, ಅಂದರೆ ವಿಮೆ ದೂರುಗಳನ್ನು ಕೇಳಿ ತೀರ್ಮಾನ ಕೊಡುವವರಿಗೆ. ಅಲ್ಲಿ ಫೀಸಿಲ್ಲ, ವಕೀಲರೂ ಬೇಡ. ವಿಚಾರಣೆ ವಿಡಿಯೋದಲ್ಲಿ. ನೆಟ್‌ವರ್ಕ್ ಸಿಗದೆ ಗುಡ್ಡದ ಮೇಲೆ ಕೊಡೆ ಹಿಡಿದು ನಿಂತು ಮಾತಾಡಿದೆ. ಸರ್ವೇಯರ್ ಸವಕಳಿ ಕಳೆದು ಹಾಕಿದ್ದು ಒಂದು ಲಕ್ಷ ಹದಿನೈದು ಸಾವಿರ. ಅದರ ಮುಕ್ಕಾಲು ಪಾಲು ಕೊಡಿ ಅಂತ ಆದೇಶವಾಯಿತು.

ಈ ನಡುವೆ ಸುಮ್ನೆ ಒಂದು ಪರೀಕ್ಷೆ ಮಾಡಿದೆ. ರಿಪೇರಿಯಾದ ಮೇಲೆ, ಟೈರು ಬದಲಿಸುವ ಮುಂಚೆ, ಫೋನಿನ ಜಿಪಿಎಸ್‌ನಲ್ಲಿ 60 ಕಿ.ಮೀ. ಓಡಿಸಿದೆ. ಗಾಡಿ ಮೀಟರು ಐವತ್ತೇಳೂವರೆ ಅಂದಿತು. ದೊಡ್ಡ ಟೈರು ಸುತ್ತೋದು ಕಡಿಮೆ ನೋಡಿ. ಅಂದರೆ ಮಾರಿದವನು ಹೇಳಿದ ಓಡಿದ ಕಿಲೋಮೀಟರೂ ಸುಳ್ಳೇ! ಈಗ ಯಾರ ಗಾಡಿ ನೋಡಲು ಹೋದರೂ ಮೊದಲು ಸ್ಟೆಪ್ನಿ ಇಳಿಸುತ್ತೇನೆ. ಉಳಿದ ನಾಲ್ಕನ್ನು ಬದಲಾಯಿಸಿದವರು ಅದನ್ನು ಮರೆತಿರುತ್ತಾರೆ. ಇನ್ನೂ ಒಂದು ಜಾಗ ಇದೆ, ಅದನ್ನು ಬರೆದರೆ ಮಾರುವವರೂ ಓದುತ್ತಾರೆ.

ಹೊಸ ಟೈರು ನಾಲ್ಕಕ್ಕೆ ಇಪ್ಪತ್ತಾರು ಸಾವಿರ ಆಯಿತು, ಹಳೇವು ಹನ್ನೊಂದಕ್ಕೆ ಹೋದವು. ಪ್ಲೇಟು ತೆಗೆಸಲು ಸಾವಿರದೈನೂರು. ಕ್ರ್ಯಾಶ್ ಗಾರ್ಡನ್ನು ಯಾರೂ ಕೊಳ್ಳಲಿಲ್ಲ, ಕೊಟ್ಟಿಗೆ ಬಾಗಿಲಿಗೆ ಅಡ್ಡ ಇಟ್ಟಿದ್ದೇನೆ.