ಶುಕ್ರವಾರ ಸಂಜೆಯ ಎರಡೂವರೆ ನಿಮಿಷ

ಕನ್ನಡದ ಒಂದು ಸುದ್ದಿವಾಹಿನಿಯಲ್ಲಿ ನಾನು ಒಂಬತ್ತು ವರ್ಷ ಸಿನಿಮಾ ವಿಮರ್ಶೆ ಮಾಡಿದೆ. ಶುಕ್ರವಾರ ಬೆಳಿಗ್ಗೆ ಗಾಂಧಿನಗರದಲ್ಲಿ ಮೊದಲ ಆಟ ನೋಡಿ, ಮಧ್ಯಾಹ್ನ ಎರಡರೊಳಗೆ ಕಚೇರಿ ಸೇರಿ, ನಾಲ್ಕಕ್ಕೆ ಧ್ವನಿ ಕೊಟ್ಟು, ಸಂಜೆಯ ಬುಲೆಟಿನ್ನಿಗೆ ಎರಡೂವರೆ ನಿಮಿಷದ ತುಣುಕು ಸಿದ್ಧಪಡಿಸುವುದು ನನ್ನ ಕೆಲಸವಾಗಿತ್ತು. ಅಷ್ಟು ಹೊತ್ತಿನಲ್ಲಿ ಬಿಡಿಸಿ ಓದಿದರೆ 250 ಪದಗಳಿಗಿಂತ ಹೆಚ್ಚು ಹಿಡಿಸುವುದಿಲ್ಲ. ಆ 250 ಪದಗಳನ್ನು ಕೇಳಿ ಯಾರಾದರೂ ಚಿತ್ರಮಂದಿರಕ್ಕೆ ಹೋಗುತ್ತಾರೆಯೇ ಎಂಬ ಪ್ರಶ್ನೆ ಮೊದಲ ವರ್ಷದಿಂದಲೇ ನನ್ನನ್ನು ಕಾಡುತ್ತಿತ್ತು.

ಚಿತ್ರಮಂದಿರದಲ್ಲಿ ನಾನು ಕೂರುತ್ತಿದ್ದದ್ದು ಕೊನೆಯ ಸಾಲಿನಲ್ಲಿ. ಪರದೆಯ ಜೊತೆಗೆ ಜನರೂ ಕಾಣಬೇಕಿತ್ತು. ಕತ್ತಲಲ್ಲಿ ಅಂದಾಜಿನ ಮೇಲೆ ಬರೆಯಬೇಕಾದ್ದರಿಂದ ಪುಟಕ್ಕೆ ಎರಡು ಮೂರು ಸಾಲು ಮಾತ್ರ ಗೀಚಿ ಹಾಳೆ ತಿರುವುತ್ತಿದ್ದೆ. ಯಾವ ಮಾತಿಗೆ ನಗು ಬಂತು, ಯಾವ ದೃಶ್ಯದಲ್ಲಿ ಮುಂದಿನ ಸಾಲುಗಳಲ್ಲಿ ಮೊಬೈಲುಗಳ ಬೆಳಕು ಹೊತ್ತಿಕೊಂಡಿತು, ಇಂಟರ್‌ವಲ್ಲಿನಲ್ಲಿ ಎದ್ದುಹೋದವರಲ್ಲಿ ಎಷ್ಟು ಜನ ತಿರುಗಿ ಬರಲಿಲ್ಲ ಎಂಬುದನ್ನು ಗಡಿಯಾರ ನೋಡಿ ಗುರುತು ಹಾಕಿಕೊಳ್ಳುತ್ತಿದ್ದೆ. ನನ್ನ ಅಭಿರುಚಿ ಒಂದು ಕಡೆ, ಸಭಾಂಗಣದ ಪ್ರತಿಕ್ರಿಯೆ ಇನ್ನೊಂದು ಕಡೆ. ಎರಡನ್ನೂ ಬೆರೆಸದೆ ಪ್ರತ್ಯೇಕವಾಗಿ ಹೇಳಬೇಕೆಂಬ ಶಿಸ್ತನ್ನು ಆ ಟಿಪ್ಪಣಿ ಪುಸ್ತಕವೇ ನನಗೆ ಕಲಿಸಿತು.

ಎರಡನೇ ವರ್ಷದ ಒಂದು ಶುಕ್ರವಾರ ಕಚೇರಿಯ ಕೆಳಗಿನ ದರ್ಶಿನಿಯಲ್ಲಿ ಕಾಫಿ ಕುಡಿಯುತ್ತ ನಿಂತಿದ್ದೆ. ಗಲ್ಲಾಪೆಟ್ಟಿಗೆಯ ಮೇಲಿನ ಟಿವಿಯಲ್ಲಿ ನನ್ನದೇ ವಿಮರ್ಶೆ ಬಂತು. ಟಿವಿಗೆ ಧ್ವನಿ ಇರಲಿಲ್ಲ. ಹಿಮದ ಬೆಟ್ಟದ ಮೇಲೆ ನಾಯಕ ನಾಯಕಿ ಕುಣಿಯುತ್ತಿದ್ದರು, ಕಾರುಗಳು ಗಾಳಿಯಲ್ಲಿ ಹಾರುತ್ತಿದ್ದವು. ಪಕ್ಕದಲ್ಲಿ ನಿಂತಿದ್ದ ಇಬ್ಬರು ಹುಡುಗರಲ್ಲಿ ಒಬ್ಬ "ಸಖತ್ತಾಗಿದೆ ಅನ್ಸುತ್ತೆ, ನಾಳೆ ಹೋಗೋಣ" ಎಂದ. ಆ ಚಿತ್ರದ ದ್ವಿತೀಯಾರ್ಧ ಪೂರ್ತಿ ಕುಸಿದಿದೆ ಎಂದು ನಾನು ಅದೇ ಹೊತ್ತಿನಲ್ಲಿ, ಅದೇ ಪರದೆಯ ಮೇಲೆ ಹೇಳುತ್ತಿದ್ದೆ.

ಟಿವಿ ವಿಮರ್ಶೆಯ ಮೂಲ ತೊಡಕು ಅಲ್ಲಿ ನನಗೆ ಕಂಡಿತು. ನಿರ್ಮಾಪಕರು ವಾಹಿನಿಗಳಿಗೆ ಕೊಡುವುದು ಟ್ರೇಲರ್ ಮತ್ತು ಹಾಡಿನ ತುಣುಕುಗಳನ್ನು ಮಾತ್ರ. ಚಿತ್ರದ ಅತ್ಯುತ್ತಮ ಹೊಳಪೆಲ್ಲ ಅವುಗಳಲ್ಲಿರುತ್ತದೆ. ಹೀಗಾಗಿ ವಿಮರ್ಶಕನ ಮಾತು ಒಂದು ದಿಕ್ಕಿಗೆ, ಅದರ ಹಿಂದಿನ ದೃಶ್ಯ ಇನ್ನೊಂದು ದಿಕ್ಕಿಗೆ ಎಳೆಯುತ್ತವೆ, ಮತ್ತು ಕಣ್ಣು ಕಿವಿಗಿಂತ ಮೊದಲು ತೀರ್ಮಾನಿಸುತ್ತದೆ. ಅಮೆರಿಕದ ಟಿವಿ ವಿಮರ್ಶೆಗೆ ಅಷ್ಟು ಬಲ ಬಂದದ್ದು ಹೇಗೆಂದು ಆಮೇಲೆ ಹುಡುಕಿ ನೋಡಿದೆ. ಶಿಕಾಗೋದ ಎರಡು ಎದುರಾಳಿ ಪತ್ರಿಕೆಗಳ ವಿಮರ್ಶಕರಾದ ಜೀನ್ ಸಿಸ್ಕೆಲ್ ಮತ್ತು ರೋಜರ್ ಈಬರ್ಟ್ 1975ರಲ್ಲಿ ಅಲ್ಲಿನ ಸಾರ್ವಜನಿಕ ವಾಹಿನಿಯೊಂದರಲ್ಲಿ ಜೊತೆಯಾಗಿ ಮಾತನಾಡಲು ಶುರುಮಾಡಿದರು. ಮೆಚ್ಚಿದರೆ ಹೆಬ್ಬೆರಳು ಮೇಲೆ, ಇಲ್ಲವಾದರೆ ಕೆಳಗೆ ಎಂಬ ಅವರ ತೀರ್ಪು ಲೋಕಪ್ರಸಿದ್ಧ. ಆದರೆ ನನ್ನ ಕಣ್ಣಿಗೆ ಬಿದ್ದದ್ದು ಬೇರೆಯದು: ಅವರು ಚಿತ್ರದ ಒಂದು ದೃಶ್ಯವನ್ನು ಸಂಭಾಷಣೆ ಸಮೇತ ತೋರಿಸಿ, ಆಮೇಲೆ ಒಬ್ಬರ ಮುಖ ಒಬ್ಬರು ನೋಡುತ್ತ ವಾದಿಸುತ್ತಿದ್ದರು. ನೋಡುಗನಿಗೆ ಸಾಕ್ಷ್ಯವೂ ಸಿಗುತ್ತಿತ್ತು, ಎರಡು ಅಭಿಪ್ರಾಯಗಳೂ ಸಿಗುತ್ತಿದ್ದವು. ಬ್ಯಾಸ್ಕೆಟ್‌ಬಾಲ್ ಕನಸು ಹೊತ್ತ ಇಬ್ಬರು ಹುಡುಗರ ಬಗೆಗಿನ ‘ಹೂಪ್ ಡ್ರೀಮ್ಸ್’ ಎಂಬ ದೀರ್ಘ ಸಾಕ್ಷ್ಯಚಿತ್ರವನ್ನು ಅವರು 1994ರಲ್ಲಿ, ಅದಕ್ಕೆ ವಿತರಕರೇ ಸಿಗುವ ಮುನ್ನ, ತಮ್ಮ ಕಾರ್ಯಕ್ರಮದಲ್ಲಿ ಎತ್ತಿ ಹಿಡಿದಿದ್ದರು.

ನನಗೆ ದೃಶ್ಯಗಳು ಸಿಗುವ ಹಾಗಿರಲಿಲ್ಲ. ಆದ್ದರಿಂದ ಮುಖ್ಯ ಮಾತನ್ನು ಹಾಡಿನ ತುಣುಕಿನ ಮೇಲೆ ಹೇಳುವುದನ್ನೇ ಬಿಟ್ಟೆ. ಕ್ಯಾಮೆರಾಮನ್‌ನನ್ನು ಕರೆದುಕೊಂಡು ಹೋಗಿ, ಆಟ ಮುಗಿದ ಕೂಡಲೇ ಚಿತ್ರಮಂದಿರದ ಮೆಟ್ಟಿಲ ಮೇಲೆ ನಿಂತು, ತೀರ್ಪಿನ ನಲವತ್ತು ಸೆಕೆಂಡುಗಳನ್ನು ನೇರವಾಗಿ ಕ್ಯಾಮೆರಾ ನೋಡಿ ಹೇಳತೊಡಗಿದೆ. ಜೊತೆಗೆ ಪರದೆಯ ಕೆಳಗೆ ಒಂದೇ ಸಾಲಿನ ಬರಹ ಹಾಕಿಸಿದೆ. ನಕ್ಷತ್ರಗಳ ಅಂಕ ಬೇಡವೆಂದು ಬಹಳ ಕೇಳಿಕೊಂಡರೂ ವಾಹಿನಿ ಒಪ್ಪಲಿಲ್ಲ; ನೋಡುಗರು ಕಾಯುವುದೇ ಅದಕ್ಕಾಗಿ ಎಂದರು.

ಆ ಒಂದು ಸಾಲಿನಲ್ಲಿ ಏನಿರಬೇಕು ಎಂಬುದನ್ನು ತಿಳಿಸಿಕೊಟ್ಟವರು ತುಮಕೂರಿನಿಂದ ಫೋನ್ ಮಾಡಿದ ಒಬ್ಬ ಮಹಿಳೆ. "ಮೂರೂವರೆ ಸ್ಟಾರ್ ಕೊಟ್ಟಿದ್ದೀರಿ ಅಂತ ಅಮ್ಮನ್ನ ಕರ್ಕೊಂಡು ಹೋದೆ. ಆ ಹೊಡೆದಾಟ ನೋಡಿ ಅವರು ಎರಡು ರಾತ್ರಿ ನಿದ್ದೆ ಮಾಡಿಲ್ಲ" ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಬೇಸರವಿತ್ತು. ಚಿತ್ರ ಚೆನ್ನಾಗಿದೆ ಎಂದದ್ದು ಸುಳ್ಳಲ್ಲ, ಆದರೆ ಯಾರಿಗೆ ಚೆನ್ನಾಗಿದೆ ಎಂದು ನಾನು ಹೇಳಿರಲಿಲ್ಲ. ಮುಂದಿನ ವಾರದಿಂದ ನಕ್ಷತ್ರಗಳ ಪಕ್ಕದಲ್ಲೇ ಆ ಸಾಲು ಬಂತು: ಯಾರು ನೋಡಬಹುದು, ಯಾರು ನೋಡದಿರುವುದು ಒಳ್ಳೆಯದು. ನನ್ನ ವಿಮರ್ಶೆಯಿಂದ ಜನರಿಗೆ ನಿಜವಾಗಿ ಉಪಯೋಗವಾದದ್ದು ಇದೊಂದರಿಂದಲೇ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ದೊಡ್ಡ ನಟರ ಚಿತ್ರಗಳ ಮೇಲೆ ನಮ್ಮ ಮಾತಿನ ಪ್ರಭಾವ ಬಹಳ ಕಡಿಮೆ. ಬೆಳಗಿನ ಆರು ಗಂಟೆಯ ಆಟಕ್ಕೆ ಕಟೌಟಿಗೆ ಹಾಲೆರೆದು ಒಳಹೋಗುವ ಅಭಿಮಾನಿ ಸಂಜೆಯ ವಿಮರ್ಶೆಗೆ ಕಾಯುವವನಲ್ಲ, ಮತ್ತು ಅವನ ಸಂಭ್ರಮದ ಬಗ್ಗೆ ನನಗೆ ಗೌರವವೇ ಇದೆ. ಪರಿಣಾಮ ಕಾಣುವುದು ಸಣ್ಣ ಚಿತ್ರಗಳಲ್ಲಿ. ಮಲ್ಟಿಪ್ಲೆಕ್ಸಿನಲ್ಲಿ ದಿನಕ್ಕೆ ಒಂದೋ ಎರಡೋ ಆಟ ಸಿಕ್ಕಿರುತ್ತದೆ, ಅದೂ ಜನ ಬರಲಾಗದ ಹೊತ್ತಿನಲ್ಲಿ. ಮುಂದಿನ ವಾರ ಆ ಆಟ ಉಳಿಯುತ್ತದೆಯೇ ಎಂಬುದು ಶನಿವಾರ, ಭಾನುವಾರದ ಟಿಕೆಟ್ ನೋಡಿ ಸೋಮವಾರದ ಹೊತ್ತಿಗೆ ಬಹುಮಟ್ಟಿಗೆ ನಿರ್ಧಾರವಾಗುತ್ತದೆ. ಮೌತ್ ಟಾಕ್ ಹಬ್ಬುವ ಮೊದಲೇ ಚಿತ್ರ ಎತ್ತಂಗಡಿಯಾಗಿರುತ್ತದೆ. ಆ ಎರಡು ದಿನಗಳ ಅಂತರದಲ್ಲಿ ಟಿವಿಯ ಒಂದು ಒಳ್ಳೆಯ ಮಾತಿಗೆ ಬೆಲೆಯಿದೆ.

2015ರ ಜುಲೈ 3ರಂದು ‘ರಂಗಿತರಂಗ’ ತೆರೆಗೆ ಬಂದಾಗ ಸರಿಯಾಗಿ ಒಂದು ವಾರಕ್ಕೆ ‘ಬಾಹುಬಲಿ’ ಕಾದಿತ್ತು. ಎರಡನೇ ವಾರವೂ ತೊಂಬತ್ತು ಸೆಕೆಂಡು ಕೊಡಿ ಎಂದು ನಾನು ಸಂಪಾದಕರನ್ನು ಮೊದಲ ಸಲ ಕೇಳಿದ್ದು ಆಗ. ಬಿಡುಗಡೆಯಾಗಿ ವಾರ ಕಳೆದ ಚಿತ್ರ ಸುದ್ದಿಯಲ್ಲ ಎಂಬುದು ವಾಹಿನಿಯ ರೂಢಿ. ಅದನ್ನು ಮುರಿಯಲು ಒಪ್ಪಿದರು. ಮರುವರ್ಷ ಮೇ ತಿಂಗಳಲ್ಲಿ ‘ತಿಥಿ’ ಬಂತು. ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆದದ್ದನ್ನೇ ತಲೆಬರಹ ಮಾಡೋಣ ಎಂದು ಡೆಸ್ಕಿನವರು ಹೇಳಿದರು. ನಾನು ಬೇಡವೆಂದೆ. ಪ್ರಶಸ್ತಿ ಎಂದೊಡನೆ ಇದು ನಮಗಲ್ಲ ಎಂದು ಚಾನೆಲ್ ಬದಲಿಸುವವರು ಬಹಳ. ಮಂಡ್ಯ ಸೀಮೆಯ ಹಳ್ಳಿಯವರೇ ನಟಿಸಿದ್ದಾರೆ, ಸೆಂಚುರಿ ಗೌಡರ ಸಾವಿನಿಂದ ಶುರುವಾಗಿ ಹನ್ನೊಂದು ದಿನಗಳಲ್ಲಿ ಮುಗಿಯುವ ಕತೆ, ಹೊಟ್ಟೆ ತುಂಬ ನಗುತ್ತೀರಿ ಎಂದು ಆರಂಭಿಸಿದೆ. ಪ್ರಶಸ್ತಿಯನ್ನು ಕೊನೆಯಲ್ಲಿ ಹೇಳಿದೆ.

ಒಂದು ವಿಷಯ ಈಗಲೂ ನೋಯಿಸುತ್ತದೆ. ಜಾಹೀರಾತು ಕೊಟ್ಟ ನಿರ್ಮಾಪಕರೊಬ್ಬರ ಚಿತ್ರದ ವಿಮರ್ಶೆಯನ್ನು ಭಾನುವಾರ ರಾತ್ರಿಗೆ ಮುಂದೂಡಲು ಹೇಳಿದಾಗ ನಾನು ಒಪ್ಪಿಕೊಂಡೆ. ಒಂದಕ್ಷರ ಬದಲಿಸಲಿಲ್ಲ, ನಿಜ. ಆದರೆ ಹಣ ಕೊಟ್ಟು ನೋಡುವವರೆಲ್ಲ ಅಷ್ಟರಲ್ಲಿ ನೋಡಿಬಿಟ್ಟಿದ್ದರು. ಬಿಡುಗಡೆಯಾದ 48 ಗಂಟೆ ವಿಮರ್ಶೆ ಬೇಡವೆಂಬ ಸಲಹೆ 2024ರಲ್ಲಿ ಕೇರಳ ಹೈಕೋರ್ಟಿನ ಮುಂದೆ ಬಂದಾಗ ನನಗೆ ನೆನಪಾದದ್ದು ಆ ಭಾನುವಾರ. ದುಡ್ಡಿಗಾಗಿ ಚಿತ್ರಗಳನ್ನು ಹಳಿಯುವವರನ್ನು ತಡೆಯಬೇಕು, ಒಪ್ಪುತ್ತೇನೆ. ಆದರೆ 48 ಗಂಟೆಯ ಮೌನದಿಂದ ಉಳಿಯುವುದು ದೊಡ್ಡ ಓಪನಿಂಗ್ ಇರುವ ಚಿತ್ರ. ಸಣ್ಣದು ಅಷ್ಟರಲ್ಲಿ ಮುಗಿದಿರುತ್ತದೆ.

ಸೋಮವಾರ ಬೆಳಿಗ್ಗೆ ನಾನು ಎರಡು ಮೂರು ಚಿತ್ರಮಂದಿರಗಳ ಬುಕಿಂಗ್ ಕೌಂಟರಿನವರಿಗೆ ತಪ್ಪದೆ ಫೋನ್ ಮಾಡುತ್ತಿದ್ದೆ. ಶುಕ್ರವಾರ ಮ್ಯಾಟಿನಿಗೆ ಹನ್ನೊಂದು ಜನರಿದ್ದ ಒಂದು ಹೊಸಬರ ಚಿತ್ರಕ್ಕೆ ಭಾನುವಾರ ಎಪ್ಪತ್ತು ಜನ ಬಂದರೆಂದು ಅವರಲ್ಲೊಬ್ಬರು ಹೇಳಿದರು. ಟಿವಿ ನೋಡಿ ಬಂದವರೇ ಎಂದು ಕೇಳಿದೆ. "ಕೆಲವರು ನಿಮ್ಮ ಹೆಸರು ಹೇಳಿದ್ರು, ಮಿಕ್ಕವರು ಪಕ್ಕದ ಮನೆಯವರು ಹೇಳಿದ್ರು ಅಂದ್ರು ಸರ್" ಎಂದರು. ಆ ಆಟ ಇನ್ನೊಂದು ವಾರ ಉಳಿಯಿತು.