ಡ್ರೋನ್ ರಿಮೋಟ್ ಐಡಿ ಮಧ್ಯೆ ಮಧ್ಯೆ ಕಟ್ ಆಗ್ತಿದೆಯಾ? ಹೀಗೆ ಪತ್ತೆ ಹಚ್ಚಿ

ಹಾರುವ ಡ್ರೋನ್ ತನ್ನ ನಂಬರ್, ಇರುವ ಜಾಗ, ಎತ್ತರ, ವೇಗವನ್ನೆಲ್ಲ ಬ್ಲೂಟೂತ್ ಅಥವಾ ವೈಫೈ ಮೂಲಕ ಸುತ್ತಲಿನವರಿಗೆ ಹೇಳುತ್ತಾ ಹೋಗುವುದೇ ರಿಮೋಟ್ ಐಡಿ. ಅಮೆರಿಕದಲ್ಲಿ 2024ರ ಮಾರ್ಚ್‌ನಿಂದ ಇದರ ಜಾರಿ ಬಿಗಿಯಾಗಿದೆ. ನಮ್ಮ 2021ರ ಡ್ರೋನ್ ನಿಯಮಗಳಲ್ಲೂ ಟ್ರ್ಯಾಕಿಂಗ್ ಬೀಕನ್‌ನ (ಡ್ರೋನ್ ಎಲ್ಲಿದೆ ಅಂತ ಹೇಳುತ್ತಲೇ ಇರುವ ಸಾಧನದ) ಮಾತಿದೆ; ಸರ್ಕಾರ ಅದನ್ನು ಕಡ್ಡಾಯ ಮಾಡಿದರೆ ಅಳವಡಿಸಿಕೊಳ್ಳಲು ಕನಿಷ್ಠ 6 ತಿಂಗಳು ಕೊಡಬೇಕು. ಹಾಸನ, ಚಿಕ್ಕಮಗಳೂರಿನ ಕಾಲೇಜುಗಳಲ್ಲಿ ಸ್ವಂತ ಡ್ರೋನ್ ಕಟ್ಟುವ ಹುಡುಗರು ಈಗಲೇ ಕಲಿತುಕೊಳ್ಳಲಿ ಅನ್ನೋದು ನನ್ನ ಆಸೆ. ಬ್ಲೂಟೂತ್, ವೈಫೈ ಎರಡೂ ಇರುವ ಇಎಸ್‌ಪಿ32-ಎಸ್3 ಎಂಬ ಪುಟ್ಟ ಬೋರ್ಡ್‌ಗೆ ಆರ್ಡು ರಿಮೋಟ್ ಐಡಿ ಎಂಬ ಉಚಿತ ಸಾಫ್ಟ್‌ವೇರ್ ಹಾಕಿದರೆ ಕಲಿಯೋದಕ್ಕೆ ಸಾಕು.

ಈ ಸಂದೇಶ ಸಂತೆಯಲ್ಲಿ ಕೂಗಿದ ಹಾಗೆ. ಕೇಳಿಸ್ತೋ ಇಲ್ವೋ ಅಂತ ವಾಪಸ್ ಯಾರೂ ಹೇಳಲ್ಲ. ಅದಕ್ಕೇ ನಾವೇ ಪರೀಕ್ಷೆ ಮಾಡಬೇಕು. ಸಿಗ್ನಲ್ ಕಟ್ ಆದರೆ ಎಲ್ಲರೂ ಮೊದಲು ಪಕ್ಕದ ಮನೆ ರೂಟರನ್ನು ಬೈಯುತ್ತಾರೆ, ಆದರೆ ಜಾಸ್ತಿ ತೊಂದರೆ ಕೊಡುವುದು ಡ್ರೋನ್ ಮೇಲೇ ಇರುವ ಬೇರೆ ರೇಡಿಯೊಗಳು.

ಮೊದಲು ರಿಮೋಟ್ ಐಡಿ ಸಂದೇಶ ತೋರಿಸುವ ಆಪ್ ಹಾಕಿಕೊಂಡು ಫೋನ್ ಸರಿಮಾಡಿಕೊಳ್ಳಿ. ಈಗಿನ ಆಂಡ್ರಾಯ್ಡ್ ಫೋನ್ 2 ನಿಮಿಷಕ್ಕೆ ನಾಲ್ಕೇ ಸಲ ವೈಫೈ ಹುಡುಕಲು ಆಪ್‌ಗೆ ಬಿಡುತ್ತದೆ. ಸಂದೇಶ ಬರುತ್ತಿದ್ದರೂ ಆಪ್‌ನಲ್ಲಿ ಕಾಣಲ್ಲ, ನೀವು ಸುಮ್ನೆ ಡ್ರೋನ್ ಮೇಲೆ ಅನುಮಾನ ಪಡ್ತೀರಿ. ಡೆವಲಪರ್ ಆಪ್ಷನ್ಸ್‌ಗೆ ಹೋಗಿ ವೈಫೈ ಸ್ಕ್ಯಾನ್ ಥ್ರಾಟ್ಲಿಂಗ್ ಆಫ್ ಮಾಡಿ.

ಆಮೇಲೆ ಕಾಫಿ ಕಣದಂಥ ಬಯಲು ಜಾಗಕ್ಕೆ ಬನ್ನಿ. ಪ್ರೊಪೆಲ್ಲರ್ ಬಿಚ್ಚಿಡಿ, ಇದನ್ನು ಮಾತ್ರ ಮರೆಯಬೇಡಿ. ಮೊದಲು ರಿಮೋಟ್ ಐಡಿ ಮತ್ತು ಜಿಪಿಎಸ್ ಎರಡನ್ನೇ ಆನ್ ಮಾಡಿ, ಫೋನ್ ಹಿಡಿದು ನಿಧಾನವಾಗಿ ದೂರ ನಡೆಯಿರಿ. ಜಾಗದ ಮಾಹಿತಿ ಸೆಕೆಂಡಿಗೊಮ್ಮೆ ಬದಲಾಗಬೇಕು. ಎಲ್ಲಿಂದ ತಡವರಿಸುತ್ತೆ ನೋಡಿ, ಅಲ್ಲೊಂದು ಕಲ್ಲಿಡಿ. ಈಗ ಡ್ರೋನ್ ಹಾರಿಸುವ ರಿಮೋಟ್ ಆನ್ ಮಾಡಿ ಮತ್ತೆ ನಡೆಯಿರಿ. ಕೊನೆಗೆ ವಿಡಿಯೊ ಟ್ರಾನ್ಸ್‌ಮಿಟರ್. ನೆಲದ ಮೇಲೆ ಅದಕ್ಕೆ ಗಾಳಿ ಸಿಗದೆ ಬಿಸಿಯಾಗುತ್ತೆ, ಬೇಗ ಮುಗಿಸಿ. ಯಾವುದನ್ನು ಆನ್ ಮಾಡಿದಾಗ ಕಲ್ಲು ಡ್ರೋನ್ ಕಡೆ ಸರಿಯಿತೋ ಅದೇ ಕಾರಣ.

ಈಗ ಆಪ್‌ನಲ್ಲಿ ಸಿಗ್ನಲ್ ಬಲ ನೋಡಿ. ಮೈನಸ್ 60 ಡಿಬಿಎಂ (ಸಿಗ್ನಲ್ ಬಲದ ಅಳತೆ) ಹತ್ತಿರ ಚೆನ್ನಾಗಿದ್ದೂ ಸಂದೇಶ ತಪ್ಪುತ್ತಿದ್ದರೆ ಬೇರೆ ರೇಡಿಯೊ ಅಡ್ಡ ಬರುತ್ತಿರಬಹುದು. ಬಲವೇ ಮೈನಸ್ 90ಕ್ಕೆ ಇಳಿದಿದ್ದರೆ ದೂರ ಹೆಚ್ಚಾಗಿದೆ ಅಥವಾ ಮಧ್ಯೆ ಏನೋ ತಡೆಯುತ್ತಿದೆ. ನಮ್ಮ ತೋಟಗಳಲ್ಲಿ ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಓಕ್ ಸಾಲು ಮಳೆಯಲ್ಲಿ ನೆನೆದಿದ್ದರೆ ಆ ಒದ್ದೆ ಎಲೆಗಳೇ 2.4 ಗಿಗಾಹರ್ಟ್ಸ್ ಸಿಗ್ನಲ್ಲನ್ನು ಸಾಕಷ್ಟು ಹೀರಿಕೊಳ್ಳುತ್ತವೆ. ಕಾರ್ಬನ್ ಫೈಬರ್ ಫ್ರೇಮ್ ಕೂಡ ಸಿಗ್ನಲ್ ತಡೆಯುತ್ತದೆ, ಆಂಟೆನಾ ಅದರಿಂದ ಹೊರಗೆ, ವಿಡಿಯೊ ಆಂಟೆನಾದಿಂದ ಆದಷ್ಟು ದೂರ ಇರಲಿ.

ಬ್ಲೂಟೂತ್ 4ರ ಸಂದೇಶ 2402, 2426, 2480 ಮೆಗಾಹರ್ಟ್ಸ್‌ನಲ್ಲಿ ಹೋಗುತ್ತದೆ. ವೈಫೈನ 1, 6, 11ನೇ ಚಾನೆಲ್‌ಗಳ ಸಂದಿಯಲ್ಲೋ ಅಂಚಿನಲ್ಲೋ ಬರುವ ಹಾಗೆ ಇವನ್ನು ಆರಿಸಿದ್ದಾರೆ, ಹಾಗಾಗಿ ಹೋಮ್‌ಸ್ಟೇಗಳ ರೂಟರ್‌ಗಳ ನಡುವೆಯೂ ತೂರಿಕೊಂಡು ಹೋಗುತ್ತೆ. ರೂಟರ್ ಇಲ್ಲದೆ ಹತ್ತಿರದ ಫೋನ್‌ಗಳಿಗೆ ನೇರವಾಗಿ ಸಂದೇಶ ಕಳಿಸುವ ವೈಫೈ ನ್ಯಾನ್ ವಿಧಾನಕ್ಕೆ ಈ ಬೋರ್ಡ್ ಬಳಸುವುದು 6ನೇ ಚಾನೆಲ್. ನಿಮ್ಮದೇ ರೂಟರ್ 6ರಲ್ಲಿದ್ದರೆ 1ಕ್ಕೋ 11ಕ್ಕೋ ಬದಲಾಯಿಸಿ. ಬ್ಲೂಟೂತ್, ವೈಫೈ ಎಲ್ಲ ಒಟ್ಟಿಗೆ ಆನ್ ಮಾಡೋಣ ಅನ್ನಿಸುತ್ತೆ ಅಲ್ವಾ? ಬೋರ್ಡಿನಲ್ಲಿ ಇರೋದು ಒಂದೇ ರೇಡಿಯೊ, ಸರದಿ ಮೇಲೆ ಹಂಚಿಕೊಳ್ಳಬೇಕು. ವಿಡಿಯೊವನ್ನು 5.8 ಗಿಗಾಹರ್ಟ್ಸ್‌ಗೆ, ಕಂಟ್ರೋಲನ್ನು 865-867 ಮೆಗಾಹರ್ಟ್ಸ್‌ಗೆ ಸರಿಸಿದರೆ ಇನ್ನೂ ಒಳ್ಳೇದು. ಅಮೆರಿಕದವರ 915 ಮೆಗಾಹರ್ಟ್ಸ್ ಟೆಲಿಮೆಟ್ರಿ (ಡ್ರೋನಿನ ಮಾಹಿತಿಯನ್ನು ನೆಲಕ್ಕೆ ಕಳಿಸುವ) ಸೆಟ್ ಮಾತ್ರ ತರಿಸಬೇಡಿ, ಅದು ನಮ್ಮಲ್ಲಿ ಲೈಸೆನ್ಸ್ ಇಲ್ಲದೆ ಬಳಸುವ ಪಟ್ಟಿಯಲ್ಲಿಲ್ಲ.

ಇಷ್ಟಾದ ಮೇಲೆ ಉಲ್ಟಾ ಪರೀಕ್ಷೆಯನ್ನೂ ಮಾಡಿ. ನಿಮ್ಮ ಕಂಟ್ರೋಲ್ ರಿಸೀವರ್ ಕೂಡ 2.4ರಲ್ಲೇ ಇದ್ದು, ರಿಮೋಟ್ ಐಡಿ ಅದಕ್ಕೆ ಅಂಟಿಕೊಂಡಿದ್ದರೆ ಪಾಪ ರಿಸೀವರ್ ಕಿವುಡಾಗುತ್ತೆ. ಬೋರ್ಡ್ ಆಫ್ ಇಟ್ಟು ಒಮ್ಮೆ, ಆನ್ ಇಟ್ಟು ಒಮ್ಮೆ ರಿಮೋಟಿನ ರೇಂಜ್ ಚೆಕ್ ಮಾಡಿ. ದೂರ ಕಡಿಮೆಯಾದರೆ ಬೋರ್ಡಿನ ಪವರ್ ಇಳಿಸಿ ಅಥವಾ ಅದನ್ನು ಇನ್ನೊಂದು ತೋಳಿಗೆ ಕಟ್ಟಿ, ಎರಡೂ ಸಲ ಒಂದೇ ದೂರ ಬರುವವರೆಗೆ ಪ್ರೊಪೆಲ್ಲರ್ ವಾಪಸ್ ಹಾಕಬೇಡಿ.