ಡಯಾಲಿಸಿಸ್ ಕುರ್ಚಿಯ ಪಕ್ಕದಲ್ಲಿ 150 ಕೀರ್ತನೆಗಳು

ಬೆಳಿಗ್ಗೆ ಎದ್ದ ಕೂಡಲೇ ನಾನು ಮಾಡುವ ಮೊದಲ ಕೆಲಸ, ನನ್ನ ಗಂಡನ ಎಡ ಮುಂಗೈ ಮೇಲೆ ಎರಡು ಬೆರಳಿಟ್ಟು ನೋಡುವುದು. ಅಲ್ಲಿ ಫಿಸ್ಟುಲಾ ಇದೆ. ಡಯಾಲಿಸಿಸ್ ಸೂಜಿ ಹಾಕಲು ಅನುಕೂಲವಾಗಲಿ ಅಂತ ಎರಡು ರಕ್ತನಾಳಗಳನ್ನು ಆಪರೇಷನ್ ಮಾಡಿ ಜೋಡಿಸಿದ ಜಾಗ ಅದು. ಚೆನ್ನಾಗಿದ್ದರೆ ಚರ್ಮದ ಕೆಳಗೆ ಗುಂಯ್ ಅನ್ನುವ ಸಣ್ಣ ನಡುಕ ಬೆರಳಿಗೆ ಸಿಗುತ್ತದೆ. ನಡುಕ ನಿಂತಿದ್ದರೆ ಒಳಗೆ ರಕ್ತ ಹೆಪ್ಪುಗಟ್ಟಿರಬಹುದು, ತಕ್ಷಣ ಆಸ್ಪತ್ರೆಗೆ ಹೋಗಬೇಕು. ಈಗ ಆ ನಡುಕ ಸಿಕ್ಕ ಕೂಡಲೇ "ಕರ್ತನೇ, ಸ್ತೋತ್ರ" ಅನ್ನುತ್ತೇನೆ. ಮೊದಮೊದಲು ಅಷ್ಟು ಹೇಳುವುದಕ್ಕೂ ನನ್ನಿಂದ ಆಗುತ್ತಿರಲಿಲ್ಲ.

ನಾನು ಚಿಕ್ಕಂದಿನಿಂದ ಚರ್ಚಿನ ಸಭೆಯಲ್ಲೇ ಬೆಳೆದವಳು. ಸಂಡೇ ಸ್ಕೂಲಿನಲ್ಲಿ ಪಾಠ ಹೇಳಿದ್ದೇನೆ. ಬೇರೆಯವರ ಮನೆಗೆ ಕಷ್ಟ ಬಂದಾಗ ಹೋಗಿ, ಕೈಹಿಡಿದು ಪ್ರಾರ್ಥನೆ ಮಾಡಿದ್ದೇನೆ. ಆದರೆ ನನ್ನ ಗಂಡನ ಎರಡೂ ಕಿಡ್ನಿ ಕೆಲಸ ನಿಲ್ಲಿಸಿವೆ ಅಂತ ಗೊತ್ತಾದ ದಿನದಿಂದ ನನ್ನ ಬಾಯಿಂದ ಒಂದು ಪ್ರಾರ್ಥನೆಯೂ ಹೊರಡಲಿಲ್ಲ. ಮೊಣಕಾಲೂರಿದರೆ ಕೋಪ ಬರುತ್ತಿತ್ತು, ಇಲ್ಲವೇ ಅಲ್ಲೇ ನಿದ್ದೆ ಬರುತ್ತಿತ್ತು. ಒಬ್ಬರು ಮನೆಗೆ ಬಂದು, ನಿಮ್ಮ ನಂಬಿಕೆ ಇನ್ನೂ ಸ್ವಲ್ಪ ಗಟ್ಟಿಯಾಗಿದ್ದರೆ ಇಷ್ಟೊತ್ತಿಗೆ ವಾಸಿಯಾಗುತ್ತಿತ್ತು ಅಂದರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆದರೂ ಆ ಮಾತು ತಿಂಗಳುಗಟ್ಟಲೆ ಎದೆಯಲ್ಲಿ ಮುಳ್ಳಿನ ಹಾಗೆ ಕೂತಿತ್ತು.

ವಾರಕ್ಕೆ ಮೂರು ದಿನ, ಸೋಮವಾರ, ಬುಧವಾರ, ಶುಕ್ರವಾರ. ಒಂದೊಂದು ಸಲಕ್ಕೂ ನಾಲ್ಕು ಗಂಟೆ. ಒಂದು ಕೊಳವೆಯಲ್ಲಿ ರಕ್ತ ಹೊರಗೆ ಬರುತ್ತದೆ, ಯಂತ್ರದಲ್ಲಿ ಶುದ್ಧವಾಗಿ ಇನ್ನೊಂದರಲ್ಲಿ ಒಳಗೆ ಹೋಗುತ್ತದೆ. ಅದನ್ನೇ ನೋಡುತ್ತಾ ಪಕ್ಕದಲ್ಲಿ ಕೂತಿರುತ್ತಿದ್ದೆ. ಒಂದು ದಿನ ಅವರೇ "ಸುಮ್ನೆ ಕೂತಿದ್ದೀಯಲ್ಲ, ಏನಾದರೂ ಓದು" ಅಂದರು. ಬ್ಯಾಗಿನಲ್ಲಿ ಸತ್ಯವೇದ, ಅಂದರೆ ಬೈಬಲ್, ಇತ್ತು. ಎಲ್ಲಿಂದ ಓದಬೇಕು ಅಂತ ತೋಚದೆ ಅದರಲ್ಲಿರುವ ಕೀರ್ತನೆಗಳ ಪುಸ್ತಕ ತೆಗೆದು 1ನೇ ಕೀರ್ತನೆ ಓದಿದೆ. ಮುಂದಿನ ಸಲ 2ನೆಯದು. ಹೀಗೆ ಒಂದು ಸಲಕ್ಕೆ ಒಂದು ಕೀರ್ತನೆ ಅಂತ ಆಯಿತು. ಒಟ್ಟು 150 ಇವೆ. ಒಂದು ಸಲವೂ ತಪ್ಪದೆ ಓದಿದರೆ 50 ವಾರ.

ಐದನೇ ವಾರದ ಸೋಮವಾರ 13ನೇ ಕೀರ್ತನೆ ಬಂತು. ಬರೀ ಆರು ವಚನ. ಮೊದಲ ಎರಡು ವಚನಗಳಲ್ಲೇ ದಾವೀದ ರಾಜ ನಾಲ್ಕು ಸಲ "ಎಷ್ಟರವರೆಗೆ?" ಅಂತ ಕೇಳುತ್ತಾನೆ. ನನ್ನನ್ನು ಮರೆತೇಬಿಟ್ಟೆಯಾ, ಮುಖ ಮರೆಮಾಡಿಕೊಂಡೇ ಇರುತ್ತೀಯಾ ಅಂತ ದೇವರಿಗೇ ಹೇಳುತ್ತಾನೆ. ಈ ಕೀರ್ತನೆಯನ್ನು ನಾನು ಎಷ್ಟೋ ಸಲ ಓದಿದ್ದೆ. ಅವತ್ತು ಮಾತ್ರ ಮೊದಲ ವಚನಕ್ಕೇ ಗಂಟಲು ಕಟ್ಟಿತು. ಇಷ್ಟು ದಿನ ನಾನು ಬಾಯಿ ಬಿಗಿಹಿಡಿದು ನುಂಗಿಕೊಂಡಿದ್ದ ಮಾತು ಸತ್ಯವೇದದೊಳಗೇ ಇತ್ತಲ್ವಾ! ಅದನ್ನು ದೇವರ ಮುಂದೆ ಹೇಳಿದರೆ ನಂಬಿಕೆ ಕಳೆದುಕೊಂಡ ಹಾಗೆ ಅಂತ ನಾನು ತಿಳಿದಿದ್ದೆ. ನಂಬಿಕೆ ಇಲ್ಲದವರು ದೇವರ ಹತ್ತಿರ ದೂರು ಹೇಳುವುದೇ ಇಲ್ಲ. ಇದು ಹೊಳೆದ ದಿನದಿಂದ ನನ್ನ ಪ್ರಾರ್ಥನೆ ಮತ್ತೆ ಶುರುವಾಯಿತು.

ಒಂದು ನೋಟ್‌ಬುಕ್ ಇಟ್ಟುಕೊಂಡೆ. ಆ ಕೀರ್ತನೆಯ ಅಳತೆಯಲ್ಲೇ ಬರೆಯುತ್ತಿದ್ದೆ. ಎರಡು ಗೆರೆ ದೂರು, ಎರಡು ಗೆರೆ ಬೇಡಿಕೆ, ಎರಡು ಗೆರೆ ಭರವಸೆ. ಯಾಕೆಂದರೆ ದಾವೀದನೂ ಹಾಗೇ ಮಾಡಿದ್ದಾನೆ. ಮೊದಲು ಕೇಳುತ್ತಾನೆ, ಆಮೇಲೆ ಬೇಡುತ್ತಾನೆ, ಕೊನೆಯ ಎರಡು ವಚನಗಳಲ್ಲಿ "ನಾನಾದರೋ ನಿನ್ನ ಪ್ರೀತಿಯನ್ನೇ ನಂಬಿದ್ದೇನೆ" ಅನ್ನುವಲ್ಲಿಗೆ ಬರುತ್ತಾನೆ. ನನ್ನ ಒಂದು ಪುಟ ಹೀಗಿದೆ:

"ಕರ್ತನೇ, ಇವತ್ತು ಮತ್ತೆ ಅವರ ಬಿಪಿ ಇಳಿಯಿತು. ಕಣ್ಣು ಮೇಲಕ್ಕೆ ಹೋಗಿದ್ದನ್ನು ನಾನು ನೋಡಿದೆ, ನೀನು ನೋಡಿದೆಯಾ? ರಾತ್ರಿ ಅವರಿಗೆ ಕಾಲು ಸೆಳೆತ ಬರದಿರಲಿ. ನನಗೆ ಎರಡು ಗಂಟೆಯಾದರೂ ನಿದ್ದೆ ಕೊಡು."

ಕೊನೆಯ ಎರಡು ಗೆರೆ ಖಾಲಿ. ಭರವಸೆಯ ಮಾತು ಬರಲಿಲ್ಲ, ಬಾರದ್ದನ್ನು ಬರೆಯಬಾರದು ಅಂತ ಜಾಗ ಬಿಟ್ಟೆ. ಅಂಥ ಪುಟಗಳು ಒಂದೆರಡಲ್ಲ, ಬೇಕಾದಷ್ಟಿವೆ.

ಎಂಟನೇ ವಾರ 22ನೇ ಕೀರ್ತನೆ. "ನನ್ನ ದೇವರೇ, ನನ್ನ ದೇವರೇ, ಯಾಕೆ ನನ್ನನ್ನು ಕೈಬಿಟ್ಟಿದ್ದೀ?" ಶಿಲುಬೆಯ ಮೇಲೆ ಯೇಸು ಕೂಗಿದ ಮಾತು ಇದೇ. ಸಾಯುವ ಹೊತ್ತಿನಲ್ಲಿ ಆತನ ಬಾಯಿಗೂ ಬಂದದ್ದು ಒಂದು ದೂರಿನ ಕೀರ್ತನೆ. ಅದನ್ನು ಓದಿದ ಮೇಲೆ ನಾನು ಒಬ್ಬಳೇ ಅನ್ನಿಸುವುದು ಬಹಳ ಕಡಿಮೆಯಾಯಿತು. ನಾನು ಕೂತಿರುವ ಕತ್ತಲೆಗೆ ಆತ ನನಗಿಂತ ಮೊದಲೇ ಬಂದು ಹೋಗಿದ್ದಾನೆ.

ಇಲ್ಲಿ ಇನ್ನೊಂದು ಮಾತು ಹೇಳಲೇಬೇಕು. ಆ ದಿನಗಳಲ್ಲಿ ನಾನು ಸರಿಯಾಗಿ ಊಟ ಮಾಡುತ್ತಿರಲಿಲ್ಲ, ನಿದ್ದೆಯೂ ಇರಲಿಲ್ಲ. ಅದನ್ನೆಲ್ಲ ಆತ್ಮಿಕ ಬಲಹೀನತೆ ಅಂದುಕೊಂಡು ಇನ್ನಷ್ಟು ಉಪವಾಸ ಮಾಡಲು ಹೊರಟಿದ್ದೆ. ನಮ್ಮ ಪಾಸ್ಟರ್ ತಡೆದರು. ಎಲೀಯನ ಕಥೆ ತೆಗೆದು ಓದಿಸಿದರು, 1 ಅರಸುಗಳು 19ನೇ ಅಧ್ಯಾಯ. ಅಡವಿಯಲ್ಲಿ ಗಿಡದ ಕೆಳಗೆ ಬಿದ್ದುಕೊಂಡು, ಸಾಕು ಕರ್ತನೇ, ನನ್ನ ಪ್ರಾಣ ತೆಗೆದುಬಿಡು ಅಂತಾನೆ ಆ ಪ್ರವಾದಿ. ದೇವದೂತ ಬಂದು ಅವನನ್ನು ಗದರಿಸುವುದಿಲ್ಲ, ಬೋಧನೆಯನ್ನೂ ಮಾಡುವುದಿಲ್ಲ. ತಟ್ಟಿ ಎಬ್ಬಿಸಿ, ಎದ್ದು ತಿನ್ನು ಅನ್ನುತ್ತಾನೆ. ತಲೆದೆಸೆಯಲ್ಲಿ ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ತಿಂದು ಮತ್ತೆ ಮಲಗುತ್ತಾನೆ. ದೂತ ಎರಡನೇ ಸಲವೂ ಎಬ್ಬಿಸಿ ತಿನ್ನಿಸುತ್ತಾನೆ. ಹೋರೇಬ್ ಬೆಟ್ಟಕ್ಕೆ 40 ದಿನದ ನಡಿಗೆ, ದೇವರ ಜೊತೆ ಮಾತು, ಎಲ್ಲ ಅದಾದ ಮೇಲೆ. ಪಾಸ್ಟರ್ ಮಾತು ಕೇಳಿ ನಾನು ಡಾಕ್ಟರ ಹತ್ತಿರ ಹೋದೆ, ನಿದ್ದೆ ಸರಿಮಾಡಿಕೊಂಡೆ, ಕೆಲವು ತಿಂಗಳು ಆಪ್ತಸಮಾಲೋಚನೆಗೂ ಹೋದೆ. ಸತ್ಯವೇದದಲ್ಲಿ ಅಪೊಸ್ತಲ ಪೌಲನ ಜೊತೆಗಿದ್ದ ಲೂಕನೂ ವೈದ್ಯನೇ. ಪ್ರಾರ್ಥನೆ ಮಾಡುವವರು ಔಷಧಿ ಬಿಡಬೇಕಾಗಿಲ್ಲ. ಈ ವಿಷಯದಲ್ಲಿ ನನಗೆ ಯಾವ ಅನುಮಾನವೂ ಇಲ್ಲ.

ಹದಿನಾಲ್ಕನೇ ವಾರದ ಶುಕ್ರವಾರ 42ನೇ ಕೀರ್ತನೆ ಬಂತು. ಅದರಲ್ಲಿ ಕೀರ್ತನೆಗಾರ ತನ್ನ ಮನಸ್ಸಿನ ಜೊತೆಗೇ ಮಾತಾಡುತ್ತಾನೆ. ನನ್ನ ಮನವೇ, ಯಾಕೆ ಕುಗ್ಗಿಹೋಗಿದ್ದೀ, ದೇವರನ್ನು ನಿರೀಕ್ಷಿಸು. ಅದೇ ಕೀರ್ತನೆಯಲ್ಲಿ ಎರಡು ಸಲ. ಸೋಮವಾರ 43 ತೆಗೆದರೆ ಅದರ ಕೊನೆಯಲ್ಲೂ ಅದೇ ಮಾತು. ಮಧ್ಯೆ ನಮಗೆ ಬಹಳ ಕೆಟ್ಟದಾದ ಒಂದು ಶನಿವಾರ, ಒಂದು ಭಾನುವಾರ ಕಳೆದಿತ್ತು. ಒಂದು ಸಲ ಹೇಳಿದರೆ ಮನಸ್ಸು ಕೇಳುವುದಿಲ್ಲ ಅಂತ ಬರೆದವನಿಗೂ ಗೊತ್ತಿತ್ತು ಅನ್ನಿಸಿತು.

ಆ "ನಿರೀಕ್ಷಿಸು" ಅನ್ನುವ ಪದದ ಮೇಲೆ ನಾನು ಬಹಳ ದಿನ ನಿಂತೆ. ಬೇರೆಯವರು ಆಶಾಭಾವನೆ ಅನ್ನುವ ಕಡೆ ನಾವು ವಿಶ್ವಾಸಿಗಳು ನಿರೀಕ್ಷೆ ಅನ್ನುತ್ತೇವೆ. ನಂಬಿಕೆ, ನಿರೀಕ್ಷೆ, ಪ್ರೀತಿ. ದಿನಬಳಕೆಯಲ್ಲಿ ನಿರೀಕ್ಷೆ ಅಂದರೆ ದಾರಿ ಕಾಯುವುದು. ಬರುವವರು ಇನ್ನೂ ಬಂದಿಲ್ಲ, ಆದರೆ ಬಾಗಿಲು ತೆರೆದಿಟ್ಟು ಕೂತಿದ್ದೇವೆ. ಹಾಗಾದರೆ ನನಗೆ ಒಳ್ಳೆಯದು ಅನ್ನಿಸಲೇಬೇಕು ಅಂತಿಲ್ಲ. ಬಾಗಿಲು ಹಾಕದೆ ಇದ್ದರೆ ಸಾಕು. ಕೆಲವು ದಿನ ನನ್ನಿಂದ ಅಷ್ಟೇ ಆಗುತ್ತಿತ್ತು.

ನಮ್ಮ ಮನೆಗೆ ಬಂದವರಲ್ಲಿ ಹೆಚ್ಚಿನವರು ಹೇಳಿದ ವಚನ ಯೆರೆಮೀಯ 29:11. ದೇವರು ನಿಮಗೆ ಒಳ್ಳೆಯ ಭವಿಷ್ಯವನ್ನೇ ಯೋಚಿಸಿದ್ದಾನೆ ಅನ್ನುವ ವಚನ. ಕೇಳಿ ಕೇಳಿ ಬೇಸರವಾಗಿತ್ತು. ಒಂದು ರಾತ್ರಿ ಆ ಅಧ್ಯಾಯವನ್ನು ಪೂರ್ತಿ ಓದಿದೆ. ಅದು ಬಾಬೆಲಿಗೆ ಸೆರೆಹೋದ ಯೆಹೂದ್ಯರಿಗೆ ಪ್ರವಾದಿ ಯೆರೆಮೀಯ ಬರೆದ ಕಾಗದ. 10ನೇ ವಚನದಲ್ಲಿ 70 ವರ್ಷ ಅಂತ ಇದೆ. ಓದಿದವರಲ್ಲಿ ಎಷ್ಟೋ ಜನ ಬಿಡುಗಡೆ ನೋಡದೆ ಅಲ್ಲೇ ತೀರಿಕೊಂಡಿರುತ್ತಾರೆ. 5ನೇ ವಚನದಲ್ಲಿ ದೇವರು ಅವರಿಗೆ, ಅಲ್ಲೇ ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ಅದರ ಫಲ ತಿನ್ನಿ ಅನ್ನುತ್ತಾನೆ. ಅಲ್ಲಿಯವರೆಗೆ ನಾವು ಎಲ್ಲದಕ್ಕೂ "ಕಿಡ್ನಿ ಕಸಿ ಆಪರೇಷನ್ ಆಗಲಿ, ಆಮೇಲೆ" ಅನ್ನುತ್ತಿದ್ದೆವು. ಮರುದಿನ ಮಗಳ ಹುಟ್ಟುಹಬ್ಬ ಮಾಡಿದೆವು. ಅವರು ನಿಲ್ಲಿಸಿದ್ದ ಹಾಡಿನ ಅಭ್ಯಾಸಕ್ಕೆ ಮತ್ತೆ ಹೋಗತೊಡಗಿದರು, ಡಯಾಲಿಸಿಸ್ ಇಲ್ಲದ ದಿನ. ಈಗ ನನಗೆ ಆ ವಚನ ಇಷ್ಟ. ಆದರೆ ಕಷ್ಟದಲ್ಲಿರುವವರಿಗೆ ಹೇಳುವಾಗ 5ನೇ ವಚನವನ್ನೂ 10ನೇ ವಚನವನ್ನೂ ಬಿಡಬೇಡಿ.

ಸಭೆಯವರ ಬಗ್ಗೆ ಹೇಳದಿದ್ದರೆ ಈ ಸಾಕ್ಷಿ ಪೂರ್ತಿಯಾಗುವುದಿಲ್ಲ. ಮಾರ್ಕನ ಸುವಾರ್ತೆಯ 2ನೇ ಅಧ್ಯಾಯದಲ್ಲಿ ನಾಲ್ಕು ಜನ ಒಬ್ಬ ಪಾರ್ಶ್ವವಾಯು ರೋಗಿಯನ್ನು ಹೊತ್ತುಕೊಂಡು ಬಂದು, ಚಾವಣಿ ಬಿಚ್ಚಿ ಯೇಸುವಿನ ಮುಂದೆ ಇಳಿಸುತ್ತಾರೆ. ಯೇಸು "ಅವರ" ನಂಬಿಕೆಯನ್ನು ನೋಡಿದನು ಅಂತ ಬರೆದಿದೆ. ನನಗೆ ಪ್ರಾರ್ಥನೆ ಬಾರದ ದಿನಗಳಲ್ಲಿ ನಮ್ಮನ್ನು ಹೊತ್ತವರು ಇಂಥವರೇ. ಒಬ್ಬ ಹಿರಿಯ ಅಕ್ಕ ಪ್ರತಿ ಬುಧವಾರ ಆಸ್ಪತ್ರೆಗೆ ಬರುತ್ತಿದ್ದರು. ಹೆಚ್ಚು ಮಾತಾಡುತ್ತಿರಲಿಲ್ಲ. ನನ್ನ ಪಕ್ಕದಲ್ಲಿ ಕೂತು ಹೊಲಿಗೆ ಹಾಕುತ್ತಿದ್ದರು, ಯಂತ್ರ ಬೀಪ್ ಅಂದಾಗ ನನ್ನ ಕೈ ಹಿಡಿಯುತ್ತಿದ್ದರು. ಸತ್ಯವೇದದಲ್ಲಿ ಎಲ್ಲ ಕಳೆದುಕೊಂಡ ಯೋಬನ ಸ್ನೇಹಿತರೂ ಮೊದಲ ಏಳು ದಿನ, ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಸುಮ್ಮನೆ ಕೂತಿದ್ದರಲ್ವಾ. ಅವರು ಮಾಡಿದ ಅತ್ಯಂತ ಒಳ್ಳೆಯ ಕೆಲಸ ಅದೇ ಅಂತ ನನಗನ್ನಿಸುತ್ತದೆ.

ಮೂವತ್ತನೇ ವಾರ 88ನೇ ಕೀರ್ತನೆ. ಸಾಮಾನ್ಯವಾಗಿ ದೂರಿನ ಕೀರ್ತನೆಗಳು ಕೊನೆಯಲ್ಲಿ ಸ್ತೋತ್ರದ ಕಡೆ ತಿರುಗುತ್ತವೆ. ಇದು ತಿರುಗುವುದಿಲ್ಲ. ಮುಗಿಯುವುದೇ ಕತ್ತಲೆಯಲ್ಲಿ. ಓದಿ ಮುಗಿಸಿ ಸುಮ್ಮನಾದೆ. ಅವರು ಕಣ್ಣು ಮುಚ್ಚಿಕೊಂಡೇ "ಮೊದಲ ವಚನ ಇನ್ನೊಂದು ಸಲ ಓದು" ಅಂದರು. ಮೊದಲ ವಚನದಲ್ಲಿ ಅವನು ದೇವರನ್ನು "ನನ್ನನ್ನು ರಕ್ಷಿಸುವ ದೇವರೇ" ಅಂತ ಕರೆಯುತ್ತಾನೆ. ಕತ್ತಲೆ ಹೋಗಿಲ್ಲ, ಆದರೂ ಮಾತಾಡುವುದು ಆ ದೇವರ ಜೊತೆಯೇ. ಅವತ್ತು ರಾತ್ರಿ ನೋಟ್‌ಬುಕ್ಕಿನ ಕೊನೆಯ ಎರಡು ಗೆರೆಗಳಲ್ಲಿ ಮೊದಲನೇ ಸಲ ಏನೋ ಬರೆದೆ: "ನೀನು ಕೇಳಿಸಿಕೊಳ್ಳುತ್ತಿದ್ದೀ ಅಂತ ತಿಳಿದೇ ಇಷ್ಟು ದಿನ ಬರೆದಿದ್ದೇನೆ."

ಕೊನೆಯ ಐದು ಕೀರ್ತನೆಗಳು ಹಲ್ಲೆಲೂಯದಿಂದಲೇ, ಅಂದರೆ ದೇವರಿಗೆ ಸ್ತೋತ್ರ ಅನ್ನುವ ಮಾತಿನಿಂದಲೇ, ಶುರುವಾಗಿ ಹಲ್ಲೆಲೂಯದಿಂದಲೇ ಮುಗಿಯುತ್ತವೆ. ಅಲ್ಲಿಗೆ ತಲುಪಿದಾಗ ಅವರ ಕಿಡ್ನಿ ಸರಿಹೋಗಿರಲಿಲ್ಲ. ಇವತ್ತಿಗೂ ಕಸಿಯ ಪಟ್ಟಿಯಲ್ಲಿ ಕಾಯುತ್ತಿದ್ದೇವೆ. 150 ಮುಗಿದ ಮುಂದಿನ ಸೋಮವಾರ ಮತ್ತೆ 1ರಿಂದ ಶುರುಮಾಡಿದೆವು. ಈಗ ಓದುವವರು ಅವರು, ಪಕ್ಕದ ಕುರ್ಚಿಯವರಿಗೂ ಕೇಳಿಸಲಿ ಅಂತ ಸ್ವಲ್ಪ ಜೋರಾಗಿ. ಹಳೆಯ ನೋಟ್‌ಬುಕ್ಕಿನ ಆ ಖಾಲಿ ಗೆರೆಗಳನ್ನು ನಾನು ತುಂಬಿಸಿಲ್ಲ. ಅವು ಹಾಗೇ ಇವೆ.